ಹೊಲಿಗೆ ಯಂತ್ರ ಕೊಟ್ಟಾಯಿತು, ಮುಂದೆ?

ಪತ್ರಿಕೆಗಳ ಜಿಲ್ಲಾ ಪುಟಗಳಲ್ಲಿ ವರ್ಷಕ್ಕೆ ಹತ್ತಾರು ಸಲ ಕಾಣಿಸಿಕೊಳ್ಳುವ ಚಿತ್ರ ಒಂದಿದೆ. ಶಾಮಿಯಾನದ ಕೆಳಗೆ ಸಾಲಾಗಿ ಇಟ್ಟ ಹೊಲಿಗೆ ಯಂತ್ರಗಳು, ಒಂದೊಂದರ ಹಿಂದೆಯೂ ಒಬ್ಬೊಬ್ಬ ಹುಡುಗಿ, ನಡುವೆ ಹಾರ ಹಾಕಿಸಿಕೊಂಡ ಗಣ್ಯರು. ಅಡಿಬರಹದಲ್ಲಿ ‘ಸ್ವಾವಲಂಬನೆ’ ಎಂಬ ಮಾತು ತಪ್ಪದೆ ಇರುತ್ತದೆ. ಎರಡು ವರ್ಷ ಕಳೆದ ಮೇಲೆ ಅದೇ ಯಂತ್ರ ಎಲ್ಲಿದೆ, ಅದರ ಮುಂದೆ ಕೂತವರು ಯಾರು, ಹೊಲಿದ ಬಟ್ಟೆಯ ಕೂಲಿ ಯಾರ ಕೈ ಸೇರುತ್ತಿದೆ ಎಂಬುದರ ಚಿತ್ರ ಮಾತ್ರ ಯಾವ ಪುಟದಲ್ಲೂ ಬರುವುದಿಲ್ಲ. ಹೆತ್ತವರ ಆಸರೆ ಇಲ್ಲದ, ಓದು ಅರ್ಧಕ್ಕೆ ನಿಂತ, ಬಾಲ್ಯವಿವಾಹದ ಅಂಚಿನಲ್ಲಿರುವ, ಹುಟ್ಟಿನ ಕಾರಣಕ್ಕೇ ಊರು ದೂರವಿಟ್ಟ ಹೆಣ್ಣುಮಕ್ಕಳು ತಮ್ಮ ಕಾಲ ಮೇಲೆ ನಿಲ್ಲಬೇಕು ಎಂಬುದರಲ್ಲಿ ಯಾರಿಗೂ ತಕರಾರಿಲ್ಲ. ತಕರಾರು ಇರುವುದು ಲೆಕ್ಕ ಹಾಕುವ ರೀತಿಯಲ್ಲಿ. ನಾವು ಎಣಿಸುತ್ತಿರುವುದು ಕೊಟ್ಟ ತರಬೇತಿಯನ್ನು, ಹಂಚಿದ ಯಂತ್ರವನ್ನು, ಮುದ್ರಿಸಿದ ಸರ್ಟಿಫಿಕೇಟನ್ನು. ಎಣಿಸಬೇಕಾದದ್ದು ಎರಡನೆಯ ವರ್ಷದಲ್ಲಿ ಆ ಹುಡುಗಿಯ ಸ್ವಂತ ಕೈಗೆ ಬಂದ ದುಡ್ಡನ್ನು. ಹಾಗೆ ಎಣಿಸಲು ಹೊರಟರೆ ಕಸುಬು ಕಲಿಸುವುದು ಈ ಕೆಲಸದ ಸಣ್ಣ ಭಾಗ ಎಂಬುದು ತಿಳಿಯುತ್ತದೆ. ದೊಡ್ಡ ಭಾಗವಿರುವುದು ದಾರಿ, ವಯಸ್ಸು, ಗಿರಾಕಿ, ಪಾಸ್‌ಬುಕ್ಕು ಇಂಥ ಒಣ ವಿವರಗಳಲ್ಲಿ.

ಮೊದಲು ರವಿಕೆಯ ಲೆಕ್ಕವನ್ನೇ ನೋಡೋಣ. ನಾನೂರು ಮನೆಗಳ ಒಂದು ಊರು ಎಂದುಕೊಳ್ಳಿ. ಮನೆಗೆ ಇಬ್ಬರು ಹೆಂಗಸರು, ಒಬ್ಬೊಬ್ಬರು ವರ್ಷಕ್ಕೆ ಐದು ರವಿಕೆ ಹೊಲಿಸುತ್ತಾರೆ ಎಂದಿಟ್ಟುಕೊಂಡರೆ ಊರಿಗೆ ವರ್ಷಕ್ಕೆ 4,000 ರವಿಕೆ ಬೇಕು. ದಿನಕ್ಕೆ ನಾಲ್ಕು ರವಿಕೆ ಮುಗಿಸುವ ಟೈಲರ್ ವರ್ಷದಲ್ಲಿ 250 ದಿನ ಕೂತರೆ ಸಾವಿರ ರವಿಕೆ ಹೊಲಿಯುತ್ತಾಳೆ. ಎಂದರೆ ಇಡೀ ಊರಿಗೆ ನಾಲ್ಕು ಜನ ಸಾಕು. ಆ ನಾಲ್ವರಲ್ಲಿ ಇಬ್ಬರು ಈಗಾಗಲೇ ಊರಲ್ಲಿರುತ್ತಾರೆ, ಮದುವೆಯ ರವಿಕೆಗಳು ಹೇಗೂ ತಾಲ್ಲೂಕು ಕೇಂದ್ರದ ಅಂಗಡಿಗೆ ಹೋಗುತ್ತವೆ, ನೈಟಿ ಚೂಡಿದಾರ ಸಂತೆಯಲ್ಲೇ ಸಿದ್ಧವಾಗಿ ಸಿಗುತ್ತವೆ. ಇಂಥ ಊರಿನಲ್ಲಿ ಇಪ್ಪತ್ತೈದು ಹುಡುಗಿಯರ ಒಂದು ಬ್ಯಾಚಿಗೆ ಮೂರು ತಿಂಗಳ ಹೊಲಿಗೆ ತರಬೇತಿ ಕೊಟ್ಟು ಕಳಿಸಿದರೆ ಏನಾಗುತ್ತದೆ ಎಂದು ಊಹಿಸಲು ಅರ್ಥಶಾಸ್ತ್ರ ಓದಬೇಕಿಲ್ಲ. ಅವರಲ್ಲಿ ಹೆಚ್ಚಿನವರು ಮನೆಯವರ ಬಟ್ಟೆಗೆ ಹೊಲಿಗೆ ಹಾಕುತ್ತಾರೆ, ಅಕ್ಕಪಕ್ಕದವರ ಸೀರೆಗೆ ಫಾಲ್ಸ್ ಹಚ್ಚುತ್ತಾರೆ, ಕುಚ್ಚು ಕಟ್ಟುತ್ತಾರೆ. ಅದಕ್ಕೆ ಕೂಲಿ ಕೇಳಿದರೆ ‘ನಮ್ಮ ಹುಡುಗಿಯೇ ಅಲ್ಲವೇ’ ಎಂಬ ಮಾತು ಬರುತ್ತದೆ. ಇನ್ನೂ ಒಂದು ತೊಡಕಿದೆ. ಹಳೆಯ ಪೇಪರಿನ ಮೇಲೆ ಕಟಿಂಗ್ ಕಲಿತವಳ ಕೈಗೆ ರೇಷ್ಮೆ ಸೀರೆಯ ಬ್ಲೌಸ್ ಪೀಸನ್ನು ಯಾರೂ ಧೈರ್ಯವಾಗಿ ಕೊಡುವುದಿಲ್ಲ. ತೋಳು ಒಂದಿಂಚು ಬಿಗಿಯಾದರೆ ಗಿರಾಕಿ ಮತ್ತೆ ಆ ಕಡೆ ತಲೆ ಹಾಕುವುದಿಲ್ಲ. ಕೈ ಪಳಗಲು ಒಂದೆರಡು ವರ್ಷ ನುರಿತವರ ಅಂಗಡಿಯಲ್ಲಿ ಕೂರಬೇಕು, ಆ ಎರಡು ವರ್ಷದ ಹೊಟ್ಟೆಪಾಡಿಗೆ ಯಾವ ಯೋಜನೆಯ ಕಡತದಲ್ಲೂ ಸಾಮಾನ್ಯವಾಗಿ ಜಾಗವಿರುವುದಿಲ್ಲ.

ಹಾಗಿದ್ದೂ ಹೊಲಿಗೆಯೇ ಏಕೆ? ಹೊಲಿಗೆ, ಇಲ್ಲವೇ ಬ್ಯೂಟಿಷಿಯನ್ ಕೋರ್ಸು, ಇಲ್ಲವೇ ಅಗರಬತ್ತಿ, ಉಪ್ಪಿನಕಾಯಿ, ಹಪ್ಪಳ. ಹುಡುಗರಿಗಾದರೆ ಎಲೆಕ್ಟ್ರಿಷಿಯನ್, ಫಿಟ್ಟರ್, ಮೊಬೈಲ್ ರಿಪೇರಿ, ವಾಹನ ಚಾಲನೆ. ಈ ಪಟ್ಟಿಯನ್ನು ಮಾರುಕಟ್ಟೆ ನೋಡಿ ಯಾರೂ ಬರೆದಿಲ್ಲ. ಮನೆಯಿಂದ ಹೊರಗೆ ಹೋಗಬೇಕಿಲ್ಲ, ಗಂಡಸರ ನಡುವೆ ನಿಲ್ಲಬೇಕಿಲ್ಲ, ಮದುವೆಯಾದರೆ ಯಂತ್ರವನ್ನೂ ಜೊತೆಗೆ ಕಳಿಸಬಹುದು ಎಂಬ ಮೂರು ಅನುಕೂಲಗಳ ಮೇಲೆ ಅದು ನಿಂತಿದೆ. ಆ ಅನುಕೂಲ ಹುಡುಗಿಯದಲ್ಲ, ಅವಳ ಸುತ್ತಲಿನವರದು. ಅವಳನ್ನು ದುರ್ಬಲಳಾಗಿ ಇಟ್ಟಿರುವುದು ಹೊಸ್ತಿಲು ದಾಟಬಾರದೆಂಬ ಕಟ್ಟಾದರೆ, ಆ ಕಟ್ಟನ್ನು ಮುರಿಯದ ಕಸುಬನ್ನೇ ಹುಡುಕಿ ಕೊಟ್ಟು ಅದರಿಂದ ಬಿಡುಗಡೆ ನಿರೀಕ್ಷಿಸುತ್ತಿದ್ದೇವೆ.

ಹೀಗೆಂದ ಮಾತ್ರಕ್ಕೆ ಹೊಲಿಗೆ ತರಬೇತಿ ವ್ಯರ್ಥ ಎಂದು ತೀರ್ಮಾನಿಸುವುದೂ ಅವಸರವೇ. ಪುಷ್ಕರ್ ಮೈತ್ರಾ ಮತ್ತು ಸುಭಾ ಮಣಿ ಎಂಬ ಅರ್ಥಶಾಸ್ತ್ರಜ್ಞರು ದೆಹಲಿಯ ಕೊಳೆಗೇರಿಗಳಲ್ಲಿ ಆರು ತಿಂಗಳ ಹೊಲಿಗೆ ತರಬೇತಿಯೊಂದನ್ನು ಕಟ್ಟುನಿಟ್ಟಾಗಿ ಪರೀಕ್ಷಿಸಿದ್ದಾರೆ. ಅರ್ಜಿ ಹಾಕಿದವರಲ್ಲಿ ಕೆಲವರನ್ನು ಚೀಟಿ ಎತ್ತಿದಂತೆ ಆರಿಸಿ ತರಬೇತಿ ಕೊಟ್ಟು, ಸಿಗದೇ ಉಳಿದವರೊಂದಿಗೆ ಹೋಲಿಸಿ ನೋಡುವ ಬಗೆಯ ಅಧ್ಯಯನ ಅದು. ತರಬೇತಿ ಸಿಕ್ಕ ಗುಂಪಿನಲ್ಲಿ ದುಡಿಮೆಗೆ ಇಳಿದವರ ಪ್ರಮಾಣ ಸುಮಾರು 6 ಶೇಕಡಾ ಅಂಶದಷ್ಟು ಹೆಚ್ಚಿತು, ತಿಂಗಳ ಗಳಿಕೆ ಗಣನೀಯವಾಗಿ ಏರಿತು, ಒಂದೂವರೆ ವರ್ಷದ ನಂತರವೂ ಆ ಲಾಭ ಉಳಿದಿತ್ತು. ನಗರದಲ್ಲಿ ಗಿರಾಕಿ ದಟ್ಟವಾಗಿರುತ್ತಾರೆ, ಹಳ್ಳಿಯ ರವಿಕೆ ಲೆಕ್ಕ ಅಲ್ಲಿ ಬೇರೆಯಾಗುತ್ತದೆ ಎಂಬುದನ್ನು ಇಲ್ಲಿ ಗಮನಿಸಬೇಕು. ನನಗೆ ಹೆಚ್ಚು ಮುಖ್ಯವೆನಿಸುವುದು ಅದೇ ಅಧ್ಯಯನದ ಇನ್ನೊಂದು ಸಂಗತಿ. ಸೇರಿದವರೆಲ್ಲ ಕೋರ್ಸು ಮುಗಿಸಲಿಲ್ಲ. ಮುಗಿಸದಿರಲು ಕಾರಣವಾಗಿ ಕಂಡದ್ದು ಸೋಮಾರಿತನವಲ್ಲ, ಕಲಿಯುವ ಬುದ್ಧಿಯ ಕೊರತೆಯೂ ಅಲ್ಲ. ತರಬೇತಿ ಕೇಂದ್ರ ಮನೆಯಿಂದ ದೂರವಿದ್ದದ್ದು, ಮಗುವನ್ನು ನೋಡಿಕೊಳ್ಳುವವರು ಇಲ್ಲದ್ದು, ಕೈಯಲ್ಲಿ ಸಾಲದ ಆಸರೆ ಇಲ್ಲದ್ದು. ದೂರ ಎಂದರೆ ಹತ್ತಾರು ಮೈಲಿಯಲ್ಲ, ನಡೆದು ಹೋಗುವ ಕೆಲವು ಬೀದಿಗಳು. ಹಾಗಾಗಿ ಕರ್ನಾಟಕದಲ್ಲಿ 2023ರ ಜೂನ್ 11ರಂದು ಆರಂಭವಾದ ‘ಶಕ್ತಿ’ ಯೋಜನೆಯ ಉಚಿತ ಬಸ್ ಪ್ರಯಾಣವನ್ನೂ, ಗ್ರಾಮ ಪಂಚಾಯಿತಿಗಳ ‘ಕೂಸಿನ ಮನೆ’ ಶಿಶುಪಾಲನಾ ಕೇಂದ್ರಗಳನ್ನೂ ಕೌಶಲ ತರಬೇತಿಯ ಕಾರ್ಯಕ್ರಮಗಳೆಂದೇ ಕಾಣುವುದು ತಪ್ಪಾಗಲಾರದು. ಉಚಿತ ಟಿಕೆಟ್ಟಿನ ಬಗ್ಗೆ ನಡೆದ ನಗೆಚಾಟಿಕೆಯಲ್ಲಿ ಈ ನೋಟ ನಮಗೆ ತಪ್ಪಿಯೇ ಹೋಯಿತು.

ಇಲ್ಲಿ ಒಂದು ಗಟ್ಟಿ ಆಕ್ಷೇಪವನ್ನು ಎದುರಿಸಬೇಕು. ತರಬೇತಿಯಿಂದ ಕೆಲಸ ಹುಟ್ಟುವುದಿಲ್ಲ, ಇರುವ ಕೆಲಸ ಯಾರಿಗೆ ಸಿಗುತ್ತದೆ ಎಂಬುದಷ್ಟೇ ಬದಲಾಗುತ್ತದೆ ಎನ್ನುವವರಿದ್ದಾರೆ. ಅವರ ಬಳಿ ಪುರಾವೆಯೂ ಇದೆ. ವಿಶ್ವಬ್ಯಾಂಕಿನ ಅರ್ಥಶಾಸ್ತ್ರಜ್ಞ ಡೇವಿಡ್ ಮೆಕೆಂಜಿ 2017ರಲ್ಲಿ ಹಿಂದುಳಿದ ದೇಶಗಳ ಇಂಥ ತರಬೇತಿಗಳ ಮೇಲಿನ ಅಧ್ಯಯನಗಳನ್ನೆಲ್ಲ ಒಟ್ಟಿಗಿಟ್ಟು ನೋಡಿದಾಗ ಕಂಡದ್ದು ಇಷ್ಟು: ನೂರು ಜನರಿಗೆ ತರಬೇತಿ ಕೊಟ್ಟರೆ, ಕೊಡದಿದ್ದರೆ ಸಿಗುತ್ತಿರಲಿಲ್ಲ ಎನ್ನುವಂಥ ಕೆಲಸ ಸಿಗುವುದು ಮೂವರಿಗೂ ಕಡಿಮೆ. ಸರ್ಕಾರಿ ಜಾಹೀರಾತುಗಳ ಎದುರು ಈ ಅಂಕಿಯನ್ನು ಇಟ್ಟು ನೋಡಿದರೆ ಯಾರಿಗಾದರೂ ಬೇಸರವಾಗುತ್ತದೆ. ಆದರೆ ಸರಾಸರಿ ಎಂಬುದು ಒಳ್ಳೆಯದನ್ನೂ ಕೆಟ್ಟದ್ದನ್ನೂ ಕಲೆಸಿದ ಸಾರು. ಯಾರಿಗೆ, ಯಾವ ವಯಸ್ಸಿನಲ್ಲಿ, ಯಾವುದರ ಜೊತೆ ಸೇರಿಸಿ ತರಬೇತಿ ಕೊಟ್ಟರು ಎಂದು ಬಿಡಿಸಿ ನೋಡಿದಾಗ ಬೇರೆಯೇ ಚಿತ್ರ ಮೂಡುತ್ತದೆ. ಲೈಬೀರಿಯಾದಲ್ಲಿ ಯುದ್ಧದ ನಂತರ ಹದಿಹರೆಯದ ಹುಡುಗಿಯರು ಮತ್ತು ಯುವತಿಯರಿಗಾಗಿ ನಡೆಸಿದ ಕಾರ್ಯಕ್ರಮವೊಂದು ತರಗತಿಯ ತರಬೇತಿಗಷ್ಟೇ ನಿಲ್ಲದೆ ಕೆಲಸಕ್ಕೆ ಸೇರಿಸುವ, ಸೇರಿದ ಮೇಲೂ ತಿಂಗಳುಗಟ್ಟಲೆ ಬೆನ್ನಿಗೆ ನಿಲ್ಲುವ ಹಂತವನ್ನು ಒಳಗೊಂಡಿತ್ತು. ಅಲ್ಲಿ ಉದ್ಯೋಗ ಶೇ 47ರಷ್ಟು, ಗಳಿಕೆ ಶೇ 80ರಷ್ಟು ಏರಿದ್ದು ದಾಖಲಾಗಿದೆ.

ಉಗಾಂಡದ ಉದಾಹರಣೆ ಇನ್ನೂ ಹೇಳುವಂಥದ್ದು. ಬಾಂಗ್ಲಾದೇಶ ಮೂಲದ ‘ಬ್ರಾಕ್’ ಸಂಸ್ಥೆ ಅಲ್ಲಿನ ಊರುಗಳಲ್ಲಿ 14ರಿಂದ 20 ವಯಸ್ಸಿನ ಹುಡುಗಿಯರಿಗಾಗಿ ಕ್ಲಬ್ಬುಗಳನ್ನು ತೆರೆಯಿತು. ಶಾಲೆ ಬಿಟ್ಟವರೂ ಶಾಲೆಗೆ ಹೋಗುವವರೂ ಒಟ್ಟಿಗೆ ಸೇರುವ ಜಾಗ ಅದು. ನಡೆಸುವವಳು ಅದೇ ಊರಿನ, ಅವರಿಗಿಂತ ತುಸು ಹಿರಿಯ ಹೆಣ್ಣುಮಗಳು. ಅಲ್ಲಿ ಕಸುಬಿನ ಜೊತೆಜೊತೆಗೇ ಮೈಯ ಬಗ್ಗೆ, ಬಸಿರಿನ ಬಗ್ಗೆ, ಬೇಡವೆಂದಾಗ ಬೇಡವೆನ್ನುವ ಬಗ್ಗೆ ಮಾತು ನಡೆಯುತ್ತಿತ್ತು. ನಾಲ್ಕು ವರ್ಷದ ನಂತರ ನೋಡಿದಾಗ ಗಳಿಕೆಯ ಕೆಲಸದಲ್ಲಿ ತೊಡಗಿದ ಹುಡುಗಿಯರ ಪ್ರಮಾಣ ಮೊದಲಿಗಿಂತ ಶೇ 48ರಷ್ಟು ಏರಿತ್ತು, ಹದಿಹರೆಯದ ಬಸಿರು ಮೂರನೇ ಒಂದರಷ್ಟು ಇಳಿದಿತ್ತು, ಇಷ್ಟವಿಲ್ಲದೆ ದೈಹಿಕ ಸಂಬಂಧಕ್ಕೆ ಒಳಗಾದೆ ಎಂದವರ ಸಂಖ್ಯೆಯೂ ಹತ್ತಿರಹತ್ತಿರ ಅಷ್ಟೇ ಇಳಿದಿತ್ತು. ಶೇ 48 ಎಂಬುದು ದೊಡ್ಡದಾಗಿ ಕೇಳಿಸುತ್ತದೆ. ನಿಜದಲ್ಲಿ ಅದು ನೂರರಲ್ಲಿ ಸುಮಾರು ಹತ್ತು ಇದ್ದದ್ದು ಹದಿನೈದಾದ ಲೆಕ್ಕ. ಅದೂ ಬಹುಪಾಲು ಸಣ್ಣಪುಟ್ಟ ಸ್ವಂತ ದಂಧೆಗಳಿಂದ. ಆದರೆ ದುಡಿಮೆ, ಬಸಿರು, ಮೈಯ ಮೇಲಿನ ಹಕ್ಕು ಮೂರೂ ಒಂದೇ ಕಡೆಗೆ ಚಲಿಸಿದ್ದು ಸಣ್ಣ ಸಂಗತಿಯಲ್ಲ. ಇದೇ ಮಾದರಿಯನ್ನು ಪಕ್ಕದ ಟಾಂಜಾನಿಯಾಕ್ಕೆ ಒಯ್ದಾಗ ಹೇಳಿಕೊಳ್ಳುವಂಥ ಫಲ ಬರಲಿಲ್ಲ. ಕ್ಲಬ್ಬಿಗೆ ಸರಿಯಾದ ಜಾಗವಿರಲಿಲ್ಲ, ದುಡ್ಡು ಸಾಕಾಗಲಿಲ್ಲ, ನಡೆಸುವವರಿಗೆ ಬೆಂಬಲವಿರಲಿಲ್ಲ. ಹೆಸರು ಒಂದೇ, ಪಠ್ಯ ಒಂದೇ, ಫಲ ಬೇರೆ. ಯೋಜನೆಯ ಹೆಸರನ್ನೇ ಯೋಜನೆ ಎಂದುಕೊಳ್ಳುವ ನಮ್ಮ ಅಭ್ಯಾಸಕ್ಕೆ ಇದಕ್ಕಿಂತ ಒಳ್ಳೆಯ ಮದ್ದು ಸಿಗದು.

ಉಗಾಂಡದಲ್ಲಿ ಹಿಡಿದ ವಯಸ್ಸು 14ರಿಂದ 20. ನಮ್ಮಲ್ಲಿ ಕೈತಪ್ಪಿ ಹೋಗುವುದೂ ಅದೇ ವಯಸ್ಸು. ಎಂಟನೇ ತರಗತಿಯ ಆಸುಪಾಸಿನಲ್ಲೋ, ಎಸ್ಸೆಸ್ಸೆಲ್ಸಿ ಫೇಲಾದಾಗಲೋ ಹುಡುಗಿ ಶಾಲೆ ಬಿಡುತ್ತಾಳೆ. ಗಾರ್ಮೆಂಟ್ಸ್ ಸೇರಿದಂತೆ ಸಂಬಳದ ಚೀಟಿ ಕೊಡುವ ಕಾರ್ಖಾನೆಗಳು ಹದಿನೆಂಟು ತುಂಬದವರನ್ನು ಸಾಮಾನ್ಯವಾಗಿ ಒಳಗೆ ಬಿಡುವುದಿಲ್ಲ, ಬ್ಯಾಂಕ್ ಸಾಲ ಬೇಕಿದ್ದರೂ ಹದಿನೆಂಟಾಗಬೇಕು. ನಡುವಿನ ಮೂರು ನಾಲ್ಕು ವರ್ಷ ಅವಳು ಯಾವ ಇಲಾಖೆಯ ಲೆಕ್ಕಕ್ಕೂ ಗಟ್ಟಿಯಾಗಿ ಸಿಗುವುದಿಲ್ಲ. ಸಿಗುವುದು ಮದುವೆಯ ದಲ್ಲಾಳಿಗೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನ ಪ್ರಕಾರ ಕರ್ನಾಟಕದಲ್ಲಿ 20ರಿಂದ 24 ವಯಸ್ಸಿನ ಹೆಣ್ಣುಮಕ್ಕಳಲ್ಲಿ ಶೇ 21.3ರಷ್ಟು ಮಂದಿಗೆ ಹದಿನೆಂಟಕ್ಕೆ ಮೊದಲೇ ಮದುವೆಯಾಗಿತ್ತು. ಐವರಲ್ಲಿ ಒಬ್ಬಳು. ಐಟಿಐ ಸೇರಲು ಹದಿನಾಲ್ಕು ವರ್ಷ ಸಾಕು, ಕೌಶಲ ಯೋಜನೆಗಳಲ್ಲಿ ಕೆಲವು ಹದಿನೈದರಿಂದ ತೆರೆದಿವೆ. ಆದರೆ ಮುಗಿಸಿ ಹೊರಬಂದ ಹುಡುಗಿಗೆ ಕೆಲಸ ಸಿಗುವುದು ಮತ್ತೂ ಎರಡು ವರ್ಷದ ನಂತರವಾದರೆ, ಕಲಿತದ್ದು ತುಕ್ಕು ಹಿಡಿಯಲು ಅಷ್ಟು ಸಮಯ ಧಾರಾಳ. ಉತ್ತರ ಕರ್ನಾಟಕದ ಮಾಜಿ ದೇವದಾಸಿಯರ ಹೆಣ್ಣುಮಕ್ಕಳ ಮಟ್ಟಿಗೆ ಈ ವರ್ಷಗಳು ಇನ್ನೂ ಬಿಕ್ಕಟ್ಟಿನವು. ಮುತ್ತು ಕಟ್ಟುವುದನ್ನು ನಿಷೇಧಿಸಿದ ಕಾಯ್ದೆ 1982ರದ್ದು. ಅದರ ನಂತರವೂ ಆ ತಾಯಂದಿರ ಮಕ್ಕಳು ಪ್ರತಿ ಅರ್ಜಿಯಲ್ಲೂ ತಂದೆಯ ಹೆಸರಿನ ಕಾಲಂ ಎದುರು ತಡವರಿಸಿ ನಿಂತಿದ್ದಾರೆ. ಬೆಳಗಾವಿ ಜಿಲ್ಲೆಯ ಘಟಪ್ರಭಾದಲ್ಲಿ ಮಾಜಿ ದೇವದಾಸಿಯರೇ ಕಟ್ಟಿಕೊಂಡ ‘ಮಾಸ್’ ಸಂಘಟನೆ ಈ ಸರಪಳಿಯನ್ನು ಕಡಿಯಲು ಹೊರಟಾಗ ಯಂತ್ರವನ್ನೊಂದೇ ನೆಚ್ಚಿಕೊಳ್ಳಲಿಲ್ಲ. ಸಂಘ, ಉಳಿತಾಯ, ಹುಡುಗಿಯ ಓದು ಇವುಗಳ ಜೊತೆಗೆ ದುಡಿಮೆ ಬಂತು.

ಓದಿನ ಮಾತು ಬಂದದ್ದರಿಂದ ಎರಡನೇ ಆಕ್ಷೇಪವನ್ನೂ ಇಲ್ಲೇ ನೋಡಬಹುದು. ಕೈಕಸುಬಿನ ತರಬೇತಿ ಎಂದರೆ ಬಡವರ, ದಲಿತರ ಮಕ್ಕಳಿಗೆ ಎರಡನೇ ದರ್ಜೆಯ ಓದು, ಅವರನ್ನು ಶಾಲೆಯಿಂದ ಬಿಡಿಸಿ ಯಂತ್ರದ ಮುಂದೆ ಕೂರಿಸುವ ಹುನ್ನಾರ ಎಂಬುದು ಅದು. ಈ ಅನುಮಾನಕ್ಕೆ ಚರಿತ್ರೆಯ ಬಲವಿದೆ, ತಳ್ಳಿಹಾಕುವಂತಿಲ್ಲ. ಆದರೆ ದುಡಿಮೆಯ ಆಸೆ ಯಾವಾಗಲೂ ಓದಿನ ಶತ್ರು ಎಂಬುದನ್ನು ಪುರಾವೆ ಒಪ್ಪುವುದಿಲ್ಲ. ರಾಬರ್ಟ್ ಜೆನ್ಸನ್ ಎಂಬ ಅರ್ಥಶಾಸ್ತ್ರಜ್ಞ ದೆಹಲಿ ಸುತ್ತಲ ರಾಜ್ಯಗಳ ಹಳ್ಳಿಗಳಲ್ಲಿ ಒಂದು ಪ್ರಯೋಗ ನಡೆಸಿದ. ಕೆಲವು ಹಳ್ಳಿಗಳಿಗೆ ಮೂರು ವರ್ಷ ಕಾಲ ಕಾಲ್ ಸೆಂಟರಿನಂಥ ಕೆಲಸಗಳಿಗೆ ಹುಡುಗಿಯರನ್ನು ಆರಿಸುವ ಏಜೆಂಟರನ್ನು ಕಳಿಸಲಾಯಿತು. ತರಬೇತಿಯಿಲ್ಲ, ಯಂತ್ರವಿಲ್ಲ. ಇಂಥ ಕೆಲಸವೊಂದು ಇದೆ, ಅದು ನಮ್ಮ ಮನೆಯ ಹುಡುಗಿಗೂ ಸಿಗಬಹುದು ಎಂಬ ಸುದ್ದಿಯಷ್ಟೇ. ಆ ಹಳ್ಳಿಗಳಲ್ಲಿ 15ರಿಂದ 21 ವಯಸ್ಸಿನವರ ಮದುವೆ ಮುಂದಕ್ಕೆ ಹೋಯಿತು, ಅವರು ಕಂಪ್ಯೂಟರು, ಇಂಗ್ಲಿಷು ಕಲಿಯಲು ತಾವಾಗಿಯೇ ಸೇರಿದರು, ಇನ್ನೂ ಸಣ್ಣ ಹುಡುಗಿಯರು ಶಾಲೆಯಲ್ಲಿ ಉಳಿದರು. ಅಷ್ಟೇ ಅಲ್ಲ, ಆ ಸಣ್ಣವರ ದೇಹತೂಕದ ಸೂಚಿಯೂ ಉತ್ತಮಗೊಂಡಿತು. ನಾಳೆ ದುಡಿಯುವವಳು ಎಂದಾಕ್ಷಣ ತಟ್ಟೆಗೆ ಬೀಳುವ ಅನ್ನವೂ ಹೆಚ್ಚಾಗುತ್ತದೆ ಎಂಬುದನ್ನು ಹೀಗೆ ಅಂಕಿಯಲ್ಲಿ ಓದುವುದು ಅಷ್ಟೇನೂ ಹಿತವಲ್ಲ. ಆದರೆ ನಿಜ. ದುಡಿಮೆಯ ದಾರಿ ಓದಿನ ಮೂಲಕ ಹಾದುಹೋಗುವಂತಿದ್ದರೆ ಮನೆಯವರು ಓದಿಸುತ್ತಾರೆ. ಶಾಲೆ ಬಿಟ್ಟವಳಿಗೆ ಮಾತ್ರ ತರಬೇತಿ ಎಂದು ನಿಯಮ ಮಾಡಿದರೆ ಶಾಲೆ ಬಿಡಿಸುತ್ತಾರೆ. ಆಕ್ಷೇಪದ ತೂಕವಿರುವುದು ಈ ನಿಯಮ ಬರೆಯುವ ಕೈಯಲ್ಲಿ.

ಬೆಂಗಳೂರಿನ ಗಾರ್ಮೆಂಟ್ಸ್ ಕಾರ್ಖಾನೆಗಳು ಈ ಚರ್ಚೆಯ ಇನ್ನೊಂದು ತುದಿ. ಪೀಣ್ಯ, ಬೊಮ್ಮನಹಳ್ಳಿ, ಮೈಸೂರು ರಸ್ತೆ, ಈಗ ರಾಮನಗರ, ಮದ್ದೂರಿನವರೆಗೆ ಹಬ್ಬಿರುವ ಈ ಕಾರ್ಖಾನೆಗಳಲ್ಲಿ ಬಹುಪಾಲು ಹೆಂಗಸರೇ. ತರಬೇತಿ ಕೇಂದ್ರದ ಕಾಲ್ತುಳಿ ಯಂತ್ರಕ್ಕೂ ಅಲ್ಲಿನ ವೇಗದ ಯಂತ್ರಕ್ಕೂ ಸೈಕಲ್ಲಿಗೂ ಮೋಟಾರ್‌ಬೈಕಿಗೂ ಇರುವಷ್ಟು ದೂರ. ಪೂರ್ತಿ ರವಿಕೆ ಹೊಲಿಯಲು ಬಲ್ಲವಳೂ ಅಲ್ಲಿ ಹೆಲ್ಪರ್ ಆಗಿಯೇ ಶುರು ಮಾಡಬೇಕಾಗಬಹುದು. ಹತ್ತು ವರ್ಷ ಲೈನಿನಲ್ಲಿ ಕೂತು ದಿನವಿಡೀ ಕಾಲರ್ ಕೂರಿಸಿದವಳು ಊರಿಗೆ ಮರಳಿದರೆ ಅವಳಿಗೆ ಒಂದು ಪೂರ್ತಿ ಅಂಗಿ ಹೊಲಿಯಲು ಬಾರದು. ಕಾರ್ಖಾನೆ ತನಗೆ ಬೇಕಾದಷ್ಟನ್ನು ಕಲಿಸುತ್ತದೆ, ಬಿಟ್ಟು ಹೋಗಲು ಅನುವಾಗುವಷ್ಟನ್ನಲ್ಲ. ಇಲ್ಲಿನ ಶಾಹಿ ಎಕ್ಸ್‌ಪೋರ್ಟ್ಸ್ ಕಾರ್ಖಾನೆಗಳಲ್ಲಿ ನಡೆದ ಒಂದು ಅಧ್ಯಯನ ಜಗತ್ತಿನ ಅರ್ಥಶಾಸ್ತ್ರಜ್ಞರ ಗಮನ ಸೆಳೆದಿದೆ. ಮಹಿಳಾ ಕಾರ್ಮಿಕರಿಗೆ ಮಾತುಗಾರಿಕೆ, ಸಮಯ ನಿರ್ವಹಣೆ, ಹಣಕಾಸಿನ ತಿಳಿವಳಿಕೆ ಮುಂತಾದುವನ್ನು ಸುಮಾರು 80 ಗಂಟೆ ಕಲಿಸಿದರು. ಕಲಿತವರ ಉತ್ಪಾದಕತೆ ಶೇ 13ಕ್ಕೂ ಹೆಚ್ಚು ಏರಿತು, ಕಂಪನಿಗೆ ಹಾಕಿದ ದುಡ್ಡು ಹಲವು ಪಟ್ಟಾಗಿ ತಿಂಗಳುಗಳಲ್ಲೇ ಮರಳಿತು. ಅವರ ಸಂಬಳ ಏರಿದ್ದು ಶೇ 1ನ್ನೂ ಮುಟ್ಟಲಿಲ್ಲ. ಕಂಪನಿ ಮೋಸ ಮಾಡಿತು ಎಂದು ಇದರ ಅರ್ಥವಲ್ಲ, ಮಾರುಕಟ್ಟೆ ಕೆಲಸ ಮಾಡುವುದೇ ಹೀಗೆ: ಕಲಿತದ್ದು ಹೊರಗಿನವರ ಕಣ್ಣಿಗೆ ಕಾಣದಿದ್ದರೆ ಅದಕ್ಕೆ ಬೆಲೆ ಕಟ್ಟುವವರು ಯಾರು? ಉಗಾಂಡದಲ್ಲೇ ನಡೆದ ಇನ್ನೊಂದು ಹೋಲಿಕೆ ಇದನ್ನು ಬಲಪಡಿಸುತ್ತದೆ. ಅಂಗಡಿ, ಗ್ಯಾರೇಜುಗಳಲ್ಲಿ ನೇರವಾಗಿ ಪಳಗಿದ ಯುವಜನರಿಗೂ, ಸಂಸ್ಥೆಯಲ್ಲಿ ಕಲಿತು ಮಾನ್ಯ ಪ್ರಮಾಣಪತ್ರ ಪಡೆದವರಿಗೂ ಲಾಭವಾಯಿತು. ಆದರೆ ಮೊದಲ ಕೆಲಸ ಹೋದಾಗ ಬೇಗ ಮತ್ತೊಂದನ್ನು ಹಿಡಿದವರು ಪ್ರಮಾಣಪತ್ರವಿದ್ದವರು. ಆದ್ದರಿಂದ ಸರ್ಟಿಫಿಕೇಟು ಬರೀ ಕಾಗದ ಎಂಬ ನಮ್ಮ ತಾತ್ಸಾರವನ್ನು ಸ್ವಲ್ಪ ತಿದ್ದಿಕೊಳ್ಳಬೇಕು. ಮಾಲೀಕ ನಂಬುವ ಕಾಗದವಾದರೆ ಅದು ಹುಡುಗಿಯ ಕೈಯಲ್ಲಿರುವ ಎರಡನೇ ಕೆಲಸ.

ಇನ್ನು ದುಡ್ಡಿನ ವಿಚಾರ. ಶ್ರಮಶಕ್ತಿ ಸಮೀಕ್ಷೆಯಲ್ಲಿ ಹದಿನೈದು ದಾಟಿದ ಭಾರತೀಯ ಮಹಿಳೆಯರ ಪಾಲ್ಗೊಳ್ಳುವಿಕೆ 2017-18ರಲ್ಲಿ ಶೇ 23.3 ಇದ್ದದ್ದು 2023-24ಕ್ಕೆ ಶೇ 41.7ಕ್ಕೆ ಏರಿದೆ. ಸಂತೋಷಪಡುವ ಮೊದಲು ಒಳಗೆ ಇಣುಕಬೇಕು. ಏರಿಕೆಯ ದೊಡ್ಡ ಪಾಲು ಹಳ್ಳಿಯ ಸ್ವಂತ ದುಡಿಮೆಯದು, ಅದರಲ್ಲಿ ಮನೆಯ ಹೊಲದಲ್ಲಿ, ಮನೆಯ ಅಂಗಡಿಯಲ್ಲಿ ಸಂಬಳವಿಲ್ಲದೆ ದುಡಿಯುವವರೂ ಸೇರಿದ್ದಾರೆ. ದುಡಿಯುವುದು ಬೇರೆ, ದುಡ್ಡು ಕಾಣುವುದು ಬೇರೆ. ಮಧ್ಯಪ್ರದೇಶದಲ್ಲಿ ಉದ್ಯೋಗ ಖಾತ್ರಿಯ ಕೂಲಿಯನ್ನು ಮನೆಯ ಯಜಮಾನನ ಖಾತೆಗೆ ಬದಲು ಹೆಂಗಸಿನ ಸ್ವಂತ ಖಾತೆಗೇ ನೇರವಾಗಿ ಹಾಕಿ, ಖಾತೆ ಬಳಸುವುದನ್ನೂ ಕಲಿಸಿ ನೋಡಿದ ಅಧ್ಯಯನವೊಂದಿದೆ, 2021ರಲ್ಲಿ ಪ್ರಕಟವಾದದ್ದು. ಎರಡೂ ಸೇರಿದಾಗ ಅವರು ದುಡಿಮೆಗೆ ಬರುವುದು ಹೆಚ್ಚಿತು, ಖಾತ್ರಿ ಕೆಲಸಕ್ಕೆ ಮಾತ್ರವಲ್ಲ, ಹೊರಗಿನ ಕೆಲಸಕ್ಕೂ. ಹೊಸ ಕೌಶಲ ಯಾವುದನ್ನೂ ಕಲಿಸಿರಲಿಲ್ಲ, ಪಾಸ್‌ಬುಕ್ಕು ಕೈ ಬದಲಾಯಿಸಿತ್ತು ಅಷ್ಟೇ. ತನ್ನ ದುಡ್ಡಿನ ವಿಷಯದಲ್ಲಿ ದುಡಿಯುವ ಹೆಣ್ಣು ಎಷ್ಟು ಖಚಿತವಾಗಿರುತ್ತಾಳೆ ಎಂಬುದಕ್ಕೆ ಬೆಂಗಳೂರೇ ಸಾಕ್ಷಿ. 2016ರ ಏಪ್ರಿಲ್ 18 ಮತ್ತು 19ರಂದು ಭವಿಷ್ಯನಿಧಿ ಹಿಂಪಡೆಯುವುದಕ್ಕೆ ಕೇಂದ್ರ ತಂದ ನಿರ್ಬಂಧದ ವಿರುದ್ಧ ಗಾರ್ಮೆಂಟ್ಸ್ ಹೆಂಗಸರು ಹೊಸೂರು ರಸ್ತೆಯನ್ನೂ ತುಮಕೂರು ರಸ್ತೆಯನ್ನೂ ತುಂಬಿ ನಿಂತರು. ದೊಡ್ಡ ನಾಯಕರು ಯಾರೂ ಕರೆ ಕೊಟ್ಟಿರಲಿಲ್ಲ. ಎರಡನೇ ದಿನವೇ ಸರ್ಕಾರ ನಿಯಮವನ್ನು ಹಿಂದಕ್ಕೆ ಪಡೆಯಿತು.

ಹುಡುಗಿಯನ್ನು ಹೊರಗೆ ಕಳಿಸುವುದು ಅಪಾಯ, ಮನೆಯಲ್ಲಿ ಕೂತು ಹೊಲಿಯುವುದೇ ಕ್ಷೇಮ ಎಂಬ ಮಾತನ್ನು ಹೇಳುವವರೆಲ್ಲ ಕೆಟ್ಟವರಲ್ಲ. ಮಗಳ ಬಗ್ಗೆ ನಿಜವಾಗಿ ಹೆದರಿದವರೂ ಹೇಳುತ್ತಾರೆ. ಲೈನಿನ ಮೇಲ್ವಿಚಾರಕನ ಬೈಗುಳ, ಹಾಸ್ಟೆಲ್ಲಿನ ಬೀಗ, ರಾತ್ರಿಯ ಬಸ್‌ಸ್ಟಾಪು ಕಟ್ಟುಕತೆಗಳಲ್ಲ. ಆದರೆ ಬಾಲ್ಯವಿವಾಹವಾಗುವುದು ಮನೆಯಲ್ಲೇ, ಹೊರಗಲ್ಲ. ಅಪಾಯವನ್ನು ತೂಗುವುದಾದರೆ ಎರಡೂ ತಟ್ಟೆಗಳನ್ನು ತೂಗಬೇಕು. ದೆಹಲಿಯಲ್ಲಿ 2008ರಲ್ಲಿ ಹುಟ್ಟಿದ ಆಜಾದ್ ಫೌಂಡೇಶನ್ ಬಡ ಕುಟುಂಬಗಳ ಯುವತಿಯರಿಗೆ ಕಾರು ಓಡಿಸುವ ಕಸುಬು ಕಲಿಸುತ್ತದೆ. ಗಂಡಸರ ರಸ್ತೆಯಲ್ಲಿ, ಗಂಡಸರ ಕಸುಬು. ಸಾಧಾರಣ ಡ್ರೈವಿಂಗ್ ಸ್ಕೂಲು ಒಂದು ತಿಂಗಳಲ್ಲಿ ಮುಗಿಸುವುದಕ್ಕೆ ಅವರು ಹಲವು ತಿಂಗಳು ತೆಗೆದುಕೊಳ್ಳುತ್ತಾರೆ, ಏಕೆಂದರೆ ಸ್ಟಿಯರಿಂಗಿನ ಜೊತೆ ಕಾನೂನು, ಆತ್ಮರಕ್ಷಣೆ, ಗಿರಾಕಿಯೊಡನೆ ಮಾತು, ಗುರುತಿನ ದಾಖಲೆ ಮಾಡಿಸುವುದು ಎಲ್ಲವೂ ಪಾಠದಲ್ಲಿದೆ. ಕಲಿತವರಿಗೆ ಕೆಲಸ ಕೊಡಲು ‘ಸಖಾ’ ಎಂಬ ಜೊತೆ ಸಂಸ್ಥೆಯೇ ಇದೆ. ಸುರಕ್ಷತೆಯನ್ನು ಅವರು ಕಸುಬಿನ ಒಳಗೇ ಹೆಣೆದಿದ್ದಾರೆ, ಸುರಕ್ಷತೆಯ ಹೆಸರಲ್ಲಿ ಕಸುಬನ್ನು ಕುಗ್ಗಿಸಿಲ್ಲ.

ಇಷ್ಟೆಲ್ಲ ಮಾಡಲು ದುಡ್ಡೆಲ್ಲಿದೆ ಎಂಬುದು ಕಚೇರಿಗಳ ಆಕ್ಷೇಪ, ಅದಕ್ಕೆ ಉತ್ತರ ನಮ್ಮ ಉಜಿರೆಯಲ್ಲೇ ಇದೆ. 1982ರಲ್ಲಿ ಧರ್ಮಸ್ಥಳದ ಡಿ. ವೀರೇಂದ್ರ ಹೆಗ್ಗಡೆಯವರ ಮುಂದಾಳ್ತನದಲ್ಲಿ, ಸಿಂಡಿಕೇಟ್ ಮತ್ತು ಕೆನರಾ ಬ್ಯಾಂಕುಗಳ ಜೊತೆಗೂಡಿ ಹುಟ್ಟಿದ ರುಡ್‌ಸೆಟ್ ಸಂಸ್ಥೆ ಊಟ ವಸತಿ ಸಹಿತ ಅಲ್ಪಾವಧಿಯ ಉಚಿತ ತರಬೇತಿ ಕೊಟ್ಟು ಕಳಿಸಿಬಿಡಲಿಲ್ಲ. ಸುಮಾರು ಎರಡು ವರ್ಷ ಅವರ ಹಿಂದೆ ಬಿದ್ದು, ಅಂಗಡಿ ತೆರೆದರೇ, ಸಾಲ ಸಿಕ್ಕಿತೇ, ಎಲ್ಲಿ ಎಡವಿದರು ಎಂದು ವಿಚಾರಿಸುವುದನ್ನು ತರಬೇತಿಯ ಭಾಗವೆಂದೇ ತಿಳಿಯಿತು. ತರಬೇತಿಯ ಮೇಜಿನ ಇನ್ನೊಂದು ಬದಿಯಲ್ಲಿ ಬ್ಯಾಂಕೇ ಕೂತಿದ್ದರಿಂದ ಸಾಲದ ಅರ್ಜಿ ದಾರಿ ತಪ್ಪುವ ಭಯ ಕಡಿಮೆಯಾಯಿತು. ಈ ಮಾದರಿಯನ್ನೇ ಹಿಡಿದು ಕೇಂದ್ರ ಸರ್ಕಾರ ದೇಶದ ಜಿಲ್ಲೆ ಜಿಲ್ಲೆಗಳಲ್ಲಿ ಬ್ಯಾಂಕುಗಳ ಮೂಲಕ ಆರ್‌ಸೆಟಿ ಎಂಬ ತರಬೇತಿ ಸಂಸ್ಥೆಗಳನ್ನು ತೆರೆಸಿತು. ಹಿಂಬಾಲಿಸಿ ವಿಚಾರಿಸುವುದಕ್ಕೆ ತಗಲುವುದು ಒಬ್ಬ ಸಿಬ್ಬಂದಿಯ ಸಂಬಳ ಮತ್ತು ಬಸ್ ಚಾರ್ಜು. ಯಾರೂ ಕೂರದ ಯಂತ್ರಕ್ಕೆ ಹಾಕಿದ ದುಡ್ಡಿಗಿಂತ ದುಬಾರಿಯಾದ ದುಡ್ಡಿಲ್ಲ. ಹಾಗೆಂದು ರುಡ್‌ಸೆಟ್ ದಾರಿ ಎಲ್ಲರಿಗೂ ಸಲ್ಲುತ್ತದೆ ಎಂದು ನಾನು ಹೇಳಲಾರೆ. ಸ್ವಂತ ಉದ್ಯೋಗಕ್ಕೆ ನಷ್ಟ ತಾಳಿಕೊಳ್ಳುವ ಮನೆಯೊಂದು ಹಿಂದೆ ಬೇಕು. ಹಿಂದೆ ಮನೆಯೇ ಇಲ್ಲದ ಹುಡುಗಿಗೆ ತಿಂಗಳ ಸಂಬಳದ ಕೆಲಸ, ಜೊತೆಗೆ ಬಾಡಿಗೆಗೊಂದು ಕೋಣೆ ಮೊದಲು ಬೇಕಾಗುತ್ತದೆ.

ಆ ಹುಡುಗಿ ಎಲ್ಲಿದ್ದಾಳೆಂದು ಸರ್ಕಾರಕ್ಕೆ ಗೊತ್ತು, ಏಕೆಂದರೆ ಅವಳನ್ನು ಸಾಕುತ್ತಿರುವುದು ಸರ್ಕಾರವೇ. ಬಾಲಮಂದಿರಗಳಲ್ಲಿ ಬೆಳೆದವರು ಹದಿನೆಂಟಕ್ಕೆ ಅಲ್ಲಿಂದ ಹೊರಡಬೇಕು. ಹಾಗೆ ಹೊರಟವರಿಗೆ ಆರ್ಥಿಕ ನೆರವು ಕೊಡಬಹುದೆಂದು 2015ರ ಬಾಲನ್ಯಾಯ ಕಾಯ್ದೆಯ 46ನೇ ಕಲಂ ಹೇಳುತ್ತದೆ, ಇಪ್ಪತ್ತೊಂದರವರೆಗಿನ ಅನುಪಾಲನೆಯ ಕಲ್ಪನೆಯೂ ಆ ಕಾಯ್ದೆಯಲ್ಲಿದೆ. ಕಲಮಿನಲ್ಲಿರುವ ಪದ ‘ಕೊಡಬಹುದು’ ಎಂದು, ‘ಕೊಡತಕ್ಕದ್ದು’ ಎಂದಲ್ಲ. ಯಾವ ಮನೆಯವರನ್ನೂ ಒಪ್ಪಿಸಬೇಕಿಲ್ಲದ, ಯಾವ ಹೊಸ್ತಿಲೂ ಅಡ್ಡ ಬಾರದ ಹುಡುಗಿ ಇವಳು. ಹದಿನೈದರಲ್ಲೇ ಅವಳ ಆಧಾರ್, ಜಾತಿ, ಆದಾಯದ ದಾಖಲೆ ಸರಿಮಾಡಿ, ಅವಳ ಹೆಸರಿನ ಖಾತೆ ತೆರೆದು, ಇಷ್ಟಪಟ್ಟ ಕಸುಬಿಗೋ ಓದಿಗೋ ಸೇರಿಸಿ, ಹದಿನೇಳರಲ್ಲಿ ಕೆಲಸದ ಜಾಗ ನೋಡಿಬರಲು ಕಳಿಸಲು ಮೂರು ವರ್ಷಗಳ ಸಮಯವಿದೆ. ಅವಳು ಗೇಟು ದಾಟುವ ತಾರೀಖು ಯಾರಿಗೂ ಹಠಾತ್ತನೆ ಎದುರಾಗುವಂಥದ್ದಲ್ಲ. ಒಳಗೆ ಬಂದ ದಿನವೇ ದಾಖಲೆ ಪುಸ್ತಕದಲ್ಲಿ ಅವಳ ಹುಟ್ಟಿದ ದಿನಾಂಕ ಬರೆದಿಟ್ಟಿದ್ದಾರೆ.